ವಿಂಡೋಸ್ ಹೊಸದಾಯ್ತು, ಅಂಗಡಿಯ ಹಳೇ ಸಾಫ್ಟ್‌ವೇರ್ ನಿಂತುಹೋಯ್ತು: ಈಗೇನು ಮಾಡಬೇಕು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಅದಕ್ಕೂ ಸ್ವಲ್ಪ ಮೊದಲಿನಿಂದಲೇ ಅಂಗಡಿ, ಮಂಡಿ, ಸೊಸೈಟಿಗಳಲ್ಲಿ ಹಳೇ ಸಿಪಿಯು ತೆಗೆದು ಹೊಸದು ತರುವ ಕೆಲಸ ಶುರುವಾಗಿತ್ತು. ಹೊಸ ಸಿಸ್ಟಮ್ ಬಂದ ಮಾರನೇ ದಿನವೇ ಫೋನ್ ಬರುತ್ತದೆ: "ಬಿಲ್ಲಿಂಗ್ ಓಪನ್ ಆಗ್ತಿಲ್ಲ, ಸ್ವಲ್ಪ ಬಂದು ನೋಡ್ರಿ." ನಾನು ಮಲೆನಾಡಿನ ಕಡೆ ಅಡಿಕೆ ಮಂಡಿ, ಬಟ್ಟೆ ಅಂಗಡಿ, ಮೆಡಿಕಲ್ ಶಾಪ್, ಪ್ರೆಸ್‌ಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಇಂಥ ಕಡೆ ಫಾಕ್ಸ್‌ಪ್ರೋ, ವಿಬಿ6 ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾರೋ ಬರೆದುಕೊಟ್ಟ ಸಾಫ್ಟ್‌ವೇರ್ ಇವತ್ತಿಗೂ ಓಡುತ್ತಿದೆ. ಬರೆದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಫೋನ್ ನಂಬರೂ ಇಲ್ಲ.

"ಹಳೇದು ಬಿಟ್ಟುಬಿಡಿ, ಹೊಸದು ತಗೊಳ್ಳಿ" ಅಂತ ಹೇಳುವುದು ಸುಲಭ. ಆದರೆ ಮಂಡಿಯ ಗುಮಾಸ್ತರು ಹದಿನೈದು ವರ್ಷದಿಂದ ಅದೇ ಕೀ ಒತ್ತಿ ಒತ್ತಿ ಕಣ್ಣು ಮುಚ್ಚಿಕೊಂಡು ಪಟ್ಟಿ ತೆಗೆಯುತ್ತಾರೆ, ರೈತರ ಹಳೇ ಬಾಕಿ, ಮುಂಗಡ ಎಲ್ಲ ಅದರಲ್ಲೇ ಇದೆ. ನಾನು ನೋಡಿದ ಹೆಚ್ಚಿನ ಕೇಸ್‌ಗಳಲ್ಲಿ ಸಾಫ್ಟ್‌ವೇರ್ ಕೆಟ್ಟಿರುವುದೇ ಇಲ್ಲ. ಅದು ನಂಬಿಕೊಂಡಿದ್ದ ಯಾವುದೋ ಒಂದು ಸಣ್ಣ ವಿಷಯ ಹೊಸ ವಿಂಡೋಸ್‌ನಲ್ಲಿ ಇರುವುದಿಲ್ಲ. ಅದು ಯಾವುದು ಅಂತ ಹುಡುಕುವುದೇ ಕೆಲಸ.

ಮೊದಲು ಡೇಟಾ ಎಲ್ಲಿದೆ ನೋಡಿ

ಹಳೇ ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಹೊಡೆಯಬೇಡಿ. ಇದೊಂದು ಮಾತು ಕೇಳಿದರೆ ಉಳಿದದ್ದೆಲ್ಲ ನಿಧಾನವಾಗಿ ಸರಿಮಾಡಬಹುದು. ಹೊಸ ಎಸ್‌ಎಸ್‌ಡಿ ಹಾಕಿಸಿ, ಹಳೇದನ್ನು ಹೊರಗೆ ತೆಗೆದು ಇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಂದು ಮಂಡಿಯಲ್ಲಿ ಹೀಗಾಯ್ತು. ಹೊಸ ಸಿಸ್ಟಮ್ ಕೊಟ್ಟವರು ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಒಳಗಿದ್ದ ಸಾಫ್ಟ್‌ವೇರ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಂಡು, ಹಳೇ ಡಿಸ್ಕ್ ಖಾಲಿ ಮಾಡಿದರು. ಹೊಸದರಲ್ಲಿ ಓಪನ್ ಮಾಡಿದರೆ ಲೆಕ್ಕ 2011ಕ್ಕೇ ನಿಂತಿದೆ. ಮಾಲೀಕರ ಮುಖ ನೋಡುವಂತಿರಲಿಲ್ಲ. ಆಗಿದ್ದು ಇಷ್ಟೇ: 2011ರಲ್ಲಿ ಅವರು ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಬಂದಿದ್ದರು. ವಿಸ್ತಾದಿಂದ ಈಚೆಗೆ ಸಾಮಾನ್ಯ ಪ್ರೋಗ್ರಾಂಗಳು ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯುವ ಹಾಗಿಲ್ಲ. ಹಳೇ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಸುಮ್ನೆ ಆ ಫೈಲನ್ನು ಬೇರೆ ಜಾಗಕ್ಕೆ ತಿರುಗಿಸುತ್ತದೆ. ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆ್ಯಪ್‌ಡೇಟಾ, ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಆ್ಯಪ್‌ಡೇಟಾ ಫೋಲ್ಡರ್ ಕಣ್ಣಿಗೇ ಕಾಣುವುದಿಲ್ಲ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಬೇಕು. ಅಷ್ಟೂ ವರ್ಷದ ನಿಜವಾದ ಲೆಕ್ಕ ಅಲ್ಲಿ ಕೂತಿತ್ತು, ಯಾರೂ ಅದನ್ನು ಕಾಪಿ ಮಾಡಲಿಲ್ಲ. ಆಡಿಟರ್ ಹತ್ತಿರ ಮಾರ್ಚ್ ಎಂಡ್‌ನ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿ ಇದ್ದಿದ್ದಕ್ಕೆ ಉಳಿದರು. ಆಮೇಲಿನ ನಾಲ್ಕು ತಿಂಗಳ ಪಟ್ಟಿಗಳನ್ನು ಕಾರ್ಬನ್ ಕಾಪಿ ನೋಡಿ ಕೈಯಲ್ಲೇ ಎಂಟ್ರಿ ಮಾಡಬೇಕಾಯ್ತು.

ಹಾಗಾಗಿ ಫೋಲ್ಡರ್ ನೋಡಿ ನಂಬಬೇಡಿ. ಹಳೇ ಸಿಸ್ಟಮ್‌ನಲ್ಲಿ ಒಂದು ಡಮ್ಮಿ ಬಿಲ್ ಹಾಕಿ, ತಕ್ಷಣ ಇಡೀ ಡ್ರೈವ್‌ನಲ್ಲಿ ಇವತ್ತು ಬದಲಾದ ಡಿಬಿಎಫ್ ಅಥವಾ ಎಂಡಿಬಿ (ಲೆಕ್ಕ ಕೂಡಿಡುವ ಡೇಟಾ ಫೈಲ್‌ಗಳು) ಫೈಲ್ ಯಾವುದು ಅಂತ ಹುಡುಕಿ. ಯಾವುದರ ಸಮಯ ಈಗಷ್ಟೇ ಬದಲಾಗಿದೆಯೋ ಅದೇ ನಿಮ್ಮ ಅಸಲಿ ಡೇಟಾ. ಹೊಸ ಸಿಸ್ಟಮ್‌ಗೆ ಹಾಕುವಾಗ ಸಾಫ್ಟ್‌ವೇರನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಇಡಲೇಬೇಡಿ. ಡಿ ಡ್ರೈವ್‌ನಲ್ಲೋ, ನೇರ ಸಿ ಕೆಳಗೋ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. ಈ ತಿರುಗಿಸುವ ಆಟ ಅಲ್ಲಿ ಇರುವುದಿಲ್ಲ.

ಹಳೇದು ಓಡುತ್ತಿರುವಾಗಲೇ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಡೆಸ್ಕ್‌ಟಾಪ್ ಐಕಾನ್‌ನ ಪ್ರಾಪರ್ಟೀಸ್, ಪ್ರಿಂಟರ್ ಹೆಸರು ಮತ್ತು ಪೋರ್ಟ್, ಒಡಿಬಿಸಿ (ಸಾಫ್ಟ್‌ವೇರನ್ನು ಡೇಟಾಗೆ ಜೋಡಿಸುವ ಸೆಟ್ಟಿಂಗ್) ಪಟ್ಟಿ, ನೆಟ್‌ವರ್ಕ್ ಡ್ರೈವ್‌ನ ಅಕ್ಷರ, ಗಡಿಯಾರದ ಪಕ್ಕ ಕಾಣುವ ದಿನಾಂಕದ ರೂಪ, ಹಿಂದೆ ಚುಚ್ಚಿರುವ ಡಾಂಗಲ್ (ಸಾಫ್ಟ್‌ವೇರ್‌ನ ಲೈಸೆನ್ಸ್ ಕೀಲಿ). ಹತ್ತು ನಿಮಿಷದ ಕೆಲಸ. ಆಮೇಲೆ ಎರಡು ದಿನ ಉಳಿಯುತ್ತದೆ.

ಕಪ್ಪು ಪರದೆಯ ಡಾಸ್ ಸಾಫ್ಟ್‌ವೇರ್ ಇದ್ದರೆ

"ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ" ಅಂತ ಬಂತಾ? ಹಾಗಾದರೆ ಬಹುಮಟ್ಟಿಗೆ ಅದು ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿ ಇತ್ತು, ಅದರಲ್ಲಿ ಇವು ಓಡುತ್ತಿದ್ದವು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ, ಅಲ್ಲಿ 16 ಬಿಟ್‌ಗೆ ಜಾಗವೇ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಎಷ್ಟು ಬದಲಾಯಿಸಿದರೂ ಪ್ರಯೋಜನ ಇಲ್ಲ, ಸಮಯ ಹಾಳು ಮಾಡಿಕೊಳ್ಳಬೇಡಿ.

ಇದಕ್ಕೆ ದಾರಿ ಎಮ್ಯುಲೇಟರ್, ಅಂದರೆ ಹಳೇ ಕಂಪ್ಯೂಟರ್‌ನ ಹಾಗೆ ನಟಿಸುವ ಪ್ರೋಗ್ರಾಂ. ಎಲ್ಲರೂ ಹೇಳುವ ಡಾಸ್‌ಬಾಕ್ಸ್ ಆಟಗಳಿಗೆ ಅಂತ ಮಾಡಿದ್ದು. ಲೆಕ್ಕಪತ್ರಕ್ಕೆ ನಾನು ಅದನ್ನು ಕೊಡುವುದಿಲ್ಲ. ವಿಡಾಸ್ ಅಥವಾ ಡಾಸ್‌ಬಾಕ್ಸ್-ಎಕ್ಸ್ ನೋಡಿ. ವಿಡಾಸ್ ಮಾಡಿದ್ದೇ ಅಕ್ಷರಗಳ ಪರದೆಯ ಇಂಥ ವ್ಯಾಪಾರದ ಪ್ರೋಗ್ರಾಂಗಳಿಗೆ, ಪ್ರಿಂಟ್ ಕೊಟ್ಟರೆ ವಿಂಡೋಸ್ ಪ್ರಿಂಟರ್‌ಗೇ ಹೋಗುತ್ತದೆ. ಇಬ್ಬರು ಒಟ್ಟಿಗೆ ಎಂಟ್ರಿ ಮಾಡುವ ಕಡೆ ಫೈಲ್ ಲಾಕಿಂಗ್, ಅಂದರೆ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವುದು, ಮುಖ್ಯ. ಅದಿಲ್ಲದಿದ್ದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದ್ದು ಕೂತು ಡಿಬಿಎಫ್ ಕೆಡುತ್ತದೆ. ಆದ್ದರಿಂದ ಎರಡು ಸಿಸ್ಟಮ್‌ನಲ್ಲಿ ಒಂದೇ ಬಿಲ್ ತೆರೆದು ಪರೀಕ್ಷೆ ಮಾಡದೆ ಗುಮಾಸ್ತರ ಕೈಗೆ ಕೊಡಬೇಡಿ.

ಕೆಲವು ಹಳೇ ಪ್ರೋಗ್ರಾಂ ತೆರೆದ ತಕ್ಷಣ "ಡಿವೈಡ್ ಬೈ ಝೀರೋ" ಅಂತ ಹೇಳಿ ಮುಚ್ಚಿಕೊಳ್ಳುತ್ತವೆ. ಗಾಬರಿಯಾಗಬೇಡಿ, ಡೇಟಾ ಕೆಟ್ಟಿಲ್ಲ. ಶುರುವಾಗುವಾಗ ಅವು ಕಂಪ್ಯೂಟರ್ ಎಷ್ಟು ವೇಗ ಅಂತ ಅಳೆಯುತ್ತವೆ. ಈಗಿನ ಪ್ರೊಸೆಸರ್ ಎಷ್ಟು ವೇಗ ಅಂದರೆ ಅಳತೆ ಸೊನ್ನೆ ಬರುತ್ತದೆ, ಸೊನ್ನೆಯಿಂದ ಭಾಗಿಸಲು ಹೋಗಿ ನಿಲ್ಲುತ್ತವೆ. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಸೈಕಲ್ಸ್ (ವೇಗದ ಸೆಟ್ಟಿಂಗ್) ಕಡಿಮೆ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪ್ರಿಂಟರ್ ಕಥೆ ಬೇರೆ. ಹಳೇ ಸಾಫ್ಟ್‌ವೇರ್‌ಗೆ ಗೊತ್ತಿರುವುದು ಎಲ್‌ಪಿಟಿ1 ಅನ್ನುವ ಹಳೇ ಪ್ರಿಂಟರ್ ಪೋರ್ಟ್ ಒಂದೇ. ಹೊಸ ಸಿಪಿಯುನಲ್ಲಿ ಆ ಅಗಲದ ಪೋರ್ಟೇ ಇಲ್ಲ, ಡಾಟ್ ಮ್ಯಾಟ್ರಿಕ್ಸ್ ಯುಎಸ್‌ಬಿಯಲ್ಲಿ ಕೂತಿದೆ. ಪ್ರಿಂಟರನ್ನು ಶೇರ್ ಮಾಡಿ, ಸಣ್ಣ ಹೆಸರು ಕೊಡಿ, ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಕಮಾಂಡ್‌ನಿಂದ ಎಲ್‌ಪಿಟಿ1 ಅನ್ನು ಆ ಶೇರ್ ಹೆಸರಿಗೆ ಜೋಡಿಸಿ, ಕೊನೆಗೆ ಪರ್ಸಿಸ್ಟೆಂಟ್ ಯೆಸ್ ಅಂತ ಸೇರಿಸಿದರೆ ರೀಸ್ಟಾರ್ಟ್ ಆದಮೇಲೂ ಉಳಿಯುತ್ತದೆ. ಪ್ರಿಂಟ್ ಬರುತ್ತಿದೆ ಆದರೆ ನಿಧಾನ, ಚಿತ್ರ ಬಿಡಿಸಿದ ಹಾಗೆ ಬರುತ್ತಿದೆ ಅಂದರೆ ಡ್ರೈವರ್ ಬದಲಾಯಿಸಿ ಜೆನೆರಿಕ್ ಟೆಕ್ಸ್ಟ್ ಓನ್ಲಿ ಹಾಕಿ. ಮತ್ತೆ ಮೊದಲಿನ ಹಾಗೆ ಸರಸರ ಹೊಡೆಯುತ್ತದೆ. ನೆಟ್‌ವರ್ಕ್ ಏನೂ ಇಲ್ಲದ ಒಂಟಿ ಸಿಸ್ಟಮ್‌ನಲ್ಲಿ ಈ ಶೇರ್ ಕೆಲಸ ಮಾಡದೇ ಇರಬಹುದು. ಆಗ ಡಿವೈಸ್ ಮ್ಯಾನೇಜರ್‌ನಿಂದ ಮೈಕ್ರೋಸಾಫ್ಟ್ ಲೂಪ್‌ಬ್ಯಾಕ್ ಅಡಾಪ್ಟರ್ ಸೇರಿಸಿದರೆ ನೆಟ್‌ವರ್ಕ್ ಇದೆ ಅಂತ ವಿಂಡೋಸ್ ಒಪ್ಪಿಕೊಳ್ಳುತ್ತದೆ.

ವಿಬಿ6, ವಿಷುವಲ್ ಫಾಕ್ಸ್‌ಪ್ರೋ ಕಾಲದವು

ಇವು 32 ಬಿಟ್, ವಿಂಡೋಸ್ 11ರಲ್ಲಿ ಚೆನ್ನಾಗಿಯೇ ಓಡುತ್ತವೆ. ವಿಬಿ6 ಬಂದದ್ದು 1998ರಲ್ಲಿ. ಅದರ ಮೂಲ ರನ್‌ಟೈಮ್ ಫೈಲ್‌ಗಳು ಇವತ್ತಿಗೂ ವಿಂಡೋಸ್ ಜೊತೆಗೇ ಬರುತ್ತವೆ. ಬರದೇ ಇರುವುದು ಒಸಿಎಕ್ಸ್ ಅನ್ನುವ ಬಿಡಿಭಾಗಗಳು. "ಕಾಂಪೊನೆಂಟ್ ಸರಿಯಾಗಿ ರಿಜಿಸ್ಟರ್ ಆಗಿಲ್ಲ" ಅಂತ ಬಂದರೆ ಅದರಲ್ಲೇ ಫೈಲ್‌ನ ಹೆಸರೂ ಇರುತ್ತದೆ. ಅದನ್ನು ಹಳೇ ಡಿಸ್ಕ್‌ನಿಂದಲೇ ತನ್ನಿ. ಒಸಿಎಕ್ಸ್ ಸುಮ್ನೆ ಕೊಡುತ್ತೇವೆ ಅನ್ನುವ ಗುರುತಿಲ್ಲದ ಸೈಟ್‌ಗಳಿಂದ ಇಳಿಸಿಕೊಳ್ಳಬೇಡಿ, ಜೊತೆಗೆ ವೈರಸ್ ಬರಬಹುದು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಅನ್ನುವ ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲ್‌ಗಳು, 32 ಬಿಟ್‌ನವು ಇರುವುದು ಸಿಸ್‌ವಾವ್64 ಅನ್ನುವ ಫೋಲ್ಡರ್‌ನಲ್ಲಿ. ಹೆಸರು ಉಲ್ಟಾ ಅನ್ನಿಸುತ್ತದೆ, ಆದರೆ ಇರುವುದೇ ಹಾಗೆ. ಒಸಿಎಕ್ಸ್ ಫೈಲನ್ನು ಸಿಸ್‌ವಾವ್64ಕ್ಕೆ ಹಾಕಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರ್‌ನಲ್ಲಿರುವ ರೆಗ್‌ಎಸ್‌ವಿಆರ್32ರಿಂದ ರಿಜಿಸ್ಟರ್ ಮಾಡಿ. ಒಡಿಬಿಸಿ ಕೂಡ ಹೀಗೇ. ಹಳೇ ಸಾಫ್ಟ್‌ವೇರ್‌ಗೆ 32 ಬಿಟ್ ಒಡಿಬಿಸಿಯಲ್ಲಿ ಡಿಎಸ್‌ಎನ್ (ಡೇಟಾ ಎಲ್ಲಿದೆ ಅಂತ ತೋರಿಸುವ ಹೆಸರು) ಮಾಡಬೇಕು, 64ರಲ್ಲಿ ಮಾಡಿದರೆ ಅದಕ್ಕೆ ಕಾಣುವುದೇ ಇಲ್ಲ. ಡಾಟ್‌ನೆಟ್ 2.0 ಅಥವಾ 3.5 ಕೇಳುವ ಸಾಫ್ಟ್‌ವೇರ್ ಆದರೆ ವಿಂಡೋಸ್ ಫೀಚರ್ಸ್‌ನಲ್ಲಿ 3.5 ಟಿಕ್ ಮಾಡಿದರೆ ಸಾಕು, ಎರಡಕ್ಕೂ ಅದೇ.

ದಿನಾಂಕದ ವಿಷಯಕ್ಕೆ ಬರುತ್ತೇನೆ. ಎರರ್ ಬರದೆ ನಷ್ಟ ಮಾಡುವಂಥದ್ದು ಇದು, ಅದಕ್ಕೇ ನನಗೆ ಇದರ ಭಯ ಜಾಸ್ತಿ. ಹೊಸ ವಿಂಡೋಸ್ ಹಾಕುವಾಗ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಅಂತ ಬಿಟ್ಟರೆ ದಿನಾಂಕ ತಿಂಗಳು ಮೊದಲು, ದಿನ ಆಮೇಲೆ. ವಿಬಿ6 ಸಾಫ್ಟ್‌ವೇರ್ ವಿಂಡೋಸ್ ಹೇಳಿದ ಹಾಗೆ ನಂಬುತ್ತದೆ. ನೀವು 05/04 ಅಂತ ಏಪ್ರಿಲ್ 5ರ ಬಿಲ್ ಹಾಕುತ್ತೀರಿ, ಅದು ಮೇ 4 ಅಂತ ಬರೆದುಕೊಳ್ಳುತ್ತದೆ. 13ನೇ ತಾರೀಖಿನಿಂದ ಮುಂದೆ ಹದಿಮೂರನೇ ತಿಂಗಳು ಇಲ್ಲ ಅಂತ ಅದೇ ಅದಲು ಬದಲು ಮಾಡಿಕೊಂಡು ಸರಿಯಾಗಿ ತೆಗೆದುಕೊಳ್ಳುತ್ತದೆ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ಬಿಲ್‌ಗಳು ಮಾತ್ರ ತಪ್ಪು (04/04ರಂಥ ದಿನ ಬಿಟ್ಟು), ಉಳಿದವು ಸರಿ. ಜಿಎಸ್‌ಟಿ ರಿಟರ್ನ್ ಹಾಕುವ ಹೊತ್ತಿಗೆ ಲೆಕ್ಕ ಕೂಡುವುದಿಲ್ಲ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ಗೆ ಹೋಗಿ ಶಾರ್ಟ್ ಡೇಟನ್ನು ಹಳೇ ಸಿಸ್ಟಮ್‌ನಲ್ಲಿ ಇದ್ದ ಹಾಗೆಯೇ ಮಾಡಿ. ನಡುವಿನ ಗೆರೆ ಓರೆಯೋ ಅಡ್ಡವೋ ಅನ್ನುವುದೂ ಅದೇ ಇರಲಿ. ಕೆಲವು ಪ್ರೋಗ್ರಾಂ ಓರೆ ಗೆರೆ ನೋಡಿಯೇ ದಿನಾಂಕ ಕತ್ತರಿಸುತ್ತವೆ. ಈ ಸೆಟ್ಟಿಂಗ್ ಒಬ್ಬೊಬ್ಬ ಯೂಸರ್‌ಗೆ ಬೇರೆ ಬೇರೆ. ಮಾಲೀಕರಿಗೊಂದು, ಗುಮಾಸ್ತರಿಗೊಂದು ಲಾಗಿನ್ ಇದ್ದರೆ ಎರಡರಲ್ಲೂ ಮಾಡಿ.

ಕನ್ನಡದಲ್ಲಿ ಬಿಲ್ ಕೊಡುವವರಿಗೆ ಇನ್ನೊಂದು ಮಾತು. ನುಡಿ ಅಥವಾ ಬರಹದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್ ಬಳಸುವ ಸಾಫ್ಟ್‌ವೇರ್ ಆದರೆ ಆ ಫಾಂಟ್ ಫೈಲ್‌ಗಳನ್ನೇ ಹಳೇ ಸಿಸ್ಟಮ್‌ನಿಂದ ತಂದು ಹಾಕಬೇಕು. ಹಾಕಿದರೂ ರೈತರ ಹೆಸರು ಗೊಂದಲ ಗೊಂದಲವಾಗಿ ಕಂಡರೆ ರೀಜನ್‌ನ ಅಡ್ಮಿನಿಸ್ಟ್ರೇಟಿವ್ ಟ್ಯಾಬ್‌ನಲ್ಲಿ ಸಿಸ್ಟಮ್ ಲೊಕೇಲ್ ನೋಡಿ. ಅಲ್ಲಿ ಬೀಟಾ ಅಂತ ಬರೆದ ಯುಟಿಎಫ್-8 ಬಾಕ್ಸ್ ಟಿಕ್ ಆಗಿದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ಯೂನಿಕೋಡ್‌ಗೆ ಒಳ್ಳೆಯದಾಗಲಿ ಅಂತ ಯಾರೋ ಟಿಕ್ ಮಾಡಿರುತ್ತಾರೆ. ಆಸ್ಕಿ ಫಾಂಟ್‌ಗೆ ಅದೇ ಪೆಟ್ಟು.

ಇನ್ನು ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ, ಅಥವಾ ಇಎಕ್ಸ್‌ಇ ಫೈಲೇ ಮಾಯ. ಆಗ ವಿಂಡೋಸ್ ಸೆಕ್ಯೂರಿಟಿಯ ಪ್ರೊಟೆಕ್ಷನ್ ಹಿಸ್ಟರಿ ನೋಡಿ, ಡಿಫೆಂಡರ್ ಎತ್ತಿಟ್ಟಿರಬಹುದು. ಹೊಸ ವಿಂಡೋಸ್ 11ರಲ್ಲಿ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಕೂಡ ಸಹಿ ಇಲ್ಲದ ಹಳೇ ಪ್ರೋಗ್ರಾಂಗಳನ್ನು ತಡೆಯುತ್ತದೆ. ಲ್ಯಾಪ್‌ಟಾಪ್ ಎಸ್ ಮೋಡ್‌ನಲ್ಲಿ ಬಂದಿದ್ದರೆ ಸ್ಟೋರ್ ಬಿಟ್ಟು ಹೊರಗಿನ ಯಾವುದೂ ಓಡುವುದಿಲ್ಲ. ಎಸ್ ಮೋಡ್‌ನಿಂದ ಹೊರಬರುವುದು ಉಚಿತ, ಆದರೆ ವಾಪಸ್ ಹೋಗಲು ಆಗುವುದಿಲ್ಲ.

ಎರಡು ಮೂರು ಸಿಸ್ಟಮ್ ಜೋಡಿಸಿದ್ದರೆ

ಡೇಟಾ ಒಂದು ಹಳೇ ಎಕ್ಸ್‌ಪಿಯಲ್ಲಿ, ಕೌಂಟರ್‌ನಲ್ಲಿ ಹೊಸ ವಿಂಡೋಸ್ 11. ಇದು ಸೇರುವುದಿಲ್ಲ. ಎಕ್ಸ್‌ಪಿಗೆ ಗೊತ್ತಿರುವ ಎಸ್‌ಎಂಬಿ1 ಅನ್ನುವ, ಫೈಲ್ ಹಂಚಿಕೊಳ್ಳುವ ಹಳೇ ಭಾಷೆಯನ್ನು ಮೈಕ್ರೋಸಾಫ್ಟ್ 2017ರಿಂದ ಈಚೆಗೆ ತಾನಾಗಿಯೇ ಹಾಕುವುದಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಹರಡಿದ್ದು ಎಸ್‌ಎಂಬಿ1ರ ತೂತಿನಿಂದಲೇ. ಫೀಚರ್ಸ್‌ನಲ್ಲಿ ಟಿಕ್ ಮಾಡಿದರೆ ಈಗಲೂ ಆನ್ ಆಗುತ್ತದೆ, ತುಂಬಾ ಜನ ಹಾಗೇ ಮಾಡಿಕೊಡುತ್ತಾರೆ. ದಯವಿಟ್ಟು ಬೇಡ. ಡೇಟಾ ಫೋಲ್ಡರನ್ನೇ ಹೊಸ ಸಿಸ್ಟಮ್‌ಗೆ ತಂದು ಅಲ್ಲಿಂದ ಶೇರ್ ಮಾಡಿ, ಮೊದಲಿದ್ದ ಡ್ರೈವ್ ಅಕ್ಷರವನ್ನೇ ಕೊಡಿ.

ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದಮೇಲೆ ಪಾಸ್‌ವರ್ಡ್ ಇಲ್ಲದ ಶೇರ್‌ಗಳೂ ನಿಂತಿವೆ. ಡೇಟಾ ಇರುವ ಸಿಸ್ಟಮ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಕೌಂಟರ್ ಸಿಸ್ಟಮ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಅದನ್ನು ಸೇರಿಸಿ. ಮತ್ತೊಂದು ವಿಚಿತ್ರ: ಸಾಫ್ಟ್‌ವೇರನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿದರೆ ಝಡ್‌ನಂಥ ನೆಟ್‌ವರ್ಕ್ ಡ್ರೈವ್ ಅದಕ್ಕೆ ಕಾಣದೇ ಹೋಗಬಹುದು. ಹಾಗಾದಾಗ ಅಡ್ಮಿನ್ ಟಿಕ್ ತೆಗೆಯಿರಿ, ಫೋಲ್ಡರ್‌ಗೆ ಬರೆಯುವ ಪರ್ಮಿಷನ್ ಕೊಡಿ. ಅಡ್ಮಿನ್ ಬೇಕಾಗಿದ್ದೇ ಬರೆಯುವುದಕ್ಕೆ, ಅಲ್ವಾ?

ಬ್ರೌಸರ್‌ನಲ್ಲಿ ಓಡುವವು

ಆಫೀಸ್‌ಗಳಲ್ಲಿ, ಸೊಸೈಟಿಗಳಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೇ ಅಂತ ಬರೆದ ಒಳಗಿನ ಸಾಫ್ಟ್‌ವೇರ್ ಇನ್ನೂ ಇವೆ. 2022ರ ಜೂನ್ 15ಕ್ಕೆ ಆ ಬ್ರೌಸರ್ ನಿವೃತ್ತಿಯಾಯ್ತು. ಆದರೆ ಅದರ ಎಂಜಿನ್ ಎಡ್ಜ್ ಒಳಗೆ ಐಇ ಮೋಡ್ ಅಂತ ಉಳಿದಿದೆ, ಕನಿಷ್ಠ 2029ರವರೆಗೆ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಎಡ್ಜ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್‌ಗೆ ಹೋಗಿ, ಐಇ ಮೋಡ್‌ಗೆ ಅಲೋ ಕೊಟ್ಟು, ರೀಸ್ಟಾರ್ಟ್ ಮಾಡಿ, ಕೆಳಗೆ ವಿಳಾಸ ಸೇರಿಸಿ. ಲಾಗಿನ್ ಆದಮೇಲೆ ಬರುವ ಪುಟದ ವಿಳಾಸ ಬೇರೆ ಇದ್ದರೆ ಅದನ್ನೂ ಸೇರಿಸಿ. ಹೀಗೆ ಸೇರಿಸಿದ್ದು 30 ದಿನಕ್ಕೆ ಮುಗಿಯುತ್ತದೆ. "ಹೋದ ತಿಂಗಳು ಸರಿ ಇತ್ತು" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದೇ ಇದನ್ನು. ಹತ್ತಾರು ಸಿಸ್ಟಮ್ ಇರುವ ಕಡೆ ಗ್ರೂಪ್ ಪಾಲಿಸಿಯಿಂದ ಎಂಟರ್‌ಪ್ರೈಸ್ ಸೈಟ್ ಲಿಸ್ಟ್ ಕೊಡಿ, ಅದಕ್ಕೆ ಈ ಗಡುವು ಇಲ್ಲ.

ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ ಕೆಲಸ ಮಾಡುತ್ತಿಲ್ಲ ಅನ್ನುವ ದೂರು ಬೇರೆ. ಕ್ರೋಮ್ 2015ರಲ್ಲೇ ಜಾವಾ ಪ್ಲಗಿನ್ ಬಿಟ್ಟಿತು. ಈಗ ಸೈನರ್ ಅನ್ನುವ ಸಣ್ಣ ಪ್ರೋಗ್ರಾಂ ನಿಮ್ಮ ಸಿಸ್ಟಮ್‌ನಲ್ಲೇ ಓಡುತ್ತಿರುತ್ತದೆ, ವೆಬ್‌ಸೈಟ್ ಅದರ ಜೊತೆ ಮಾತಾಡುತ್ತದೆ. ಟೋಕನ್ ಡ್ರೈವರ್ ಇದೆಯೇ, ಸೈನರ್ ಓಡುತ್ತಿದೆಯೇ ನೋಡಿ. ಈಚಿನ ಕ್ರೋಮ್ "ಈ ಸೈಟ್ ನಿಮ್ಮ ಲೋಕಲ್ ನೆಟ್‌ವರ್ಕ್ ನೋಡಬಹುದೇ" ಅಂತ ಕೇಳುತ್ತದೆ. ಅರ್ಥವಾಗದೆ ಬ್ಲಾಕ್ ಒತ್ತಿದ್ದರೆ ಸಹಿ ಆಗುವುದೇ ಇಲ್ಲ. ವಿಳಾಸದ ಪಕ್ಕದ ಗುರುತು ಒತ್ತಿ, ಆ ಒಂದು ಸೈಟ್‌ಗೆ ಮಾತ್ರ ಅಲೋ ಕೊಡಿ. ಹಳೇ ಬ್ರೌಸರ್ ಹಾಕಿಕೊಂಡು ಅದರಲ್ಲೇ ಬ್ಯಾಂಕ್, ಮೇಲ್ ಎಲ್ಲ ನೋಡುವುದು ಮಾತ್ರ ಬೇಡವೇ ಬೇಡ.

ಏನು ಮಾಡಿದರೂ ಆಗದಿದ್ದರೆ

ಹಳೇ ವಿಂಡೋಸನ್ನೇ ಹೊಸದರ ಒಳಗೆ ಒಂದು ಕಿಟಕಿಯಲ್ಲಿ ಓಡಿಸಿ. ಅದಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರೆ. ವರ್ಚುವಲ್‌ಬಾಕ್ಸ್ ಉಚಿತ. ವಿಂಡೋಸ್ ಪ್ರೊ ಇದ್ದರೆ ಹೈಪರ್-ವಿ ಜೊತೆಗೇ ಇರುತ್ತದೆ. ಹೊಸ ಸಿಸ್ಟಮ್‌ನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ ಒಳಗಿನ 32 ಬಿಟ್ ವಿಂಡೋಸ್ 7ಗೆ 2 ಜಿಬಿ ಕೊಟ್ಟರೆ ಸಾಕು. ಸೆಟಪ್ ಸಿಡಿ ಕಳೆದುಹೋಗಿದೆ, ಹೊಸದಾಗಿ ಇನ್‌ಸ್ಟಾಲ್ ಮಾಡಲು ಆಗುವುದಿಲ್ಲ ಅನ್ನುವವರಿಗೆ ಮೈಕ್ರೋಸಾಫ್ಟ್‌ನದೇ ಡಿಸ್ಕ್2ವಿಎಚ್‌ಡಿ ಇದೆ. ಓಡುತ್ತಿರುವ ಹಳೇ ಸಿಸ್ಟಮನ್ನು ಇದ್ದ ಹಾಗೆಯೇ ಒಂದು ಫೈಲ್ ಮಾಡಿಕೊಡುತ್ತದೆ. ಆ ಫೈಲ್ ವರ್ಚುವಲ್ ಮಷೀನ್‌ನಲ್ಲಿ ತೆರೆದಾಗ ವಿಂಡೋಸ್ ಮತ್ತೆ ಆ್ಯಕ್ಟಿವೇಷನ್ ಕೇಳಬಹುದು. ಸಿಪಿಯು ಜೊತೆ ಬಂದ ಒಇಎಂ ಲೈಸೆನ್ಸ್ ಆ ಸಿಪಿಯುಗೆ ಮಾತ್ರ ಸೀಮಿತ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಒಳಗಿನ ವಿಂಡೋಸ್‌ಗೆ ಇಂಟರ್ನೆಟ್ ಕೊಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನೇ ತೆಗೆದುಬಿಡಿ. ವಿಂಡೋಸ್ 7ಕ್ಕೆ 2020ರ ಜನವರಿಯಿಂದ ಸಪೋರ್ಟ್ ಇಲ್ಲ. ಬಿಲ್ ಹಾಕಲು ಅದಕ್ಕೆ ಇಂಟರ್ನೆಟ್ ಬೇಕಾಗಿಯೂ ಇಲ್ಲ. ಸ್ನ್ಯಾಪ್‌ಶಾಟ್ (ವರ್ಚುವಲ್ ಮಷೀನ್‌ನ ಆ ಕ್ಷಣದ ಸ್ಥಿತಿ ಉಳಿಸಿದ್ದು) ತೆಗೆದಿದ್ದೇನೆ, ಬ್ಯಾಕಪ್ ಬೇಡ ಅನ್ನಬೇಡಿ. ಡಿಸ್ಕ್ ಹೋದರೆ ಸ್ನ್ಯಾಪ್‌ಶಾಟೂ ಅದರ ಜೊತೆಗೇ ಹೋಗುತ್ತದೆ.

ಕೆಲವು ಸಲ ಹೊಸದಕ್ಕೆ ಹೋಗುವುದೇ ಸರಿ, ಅದನ್ನೂ ನೇರವಾಗಿ ಹೇಳುತ್ತೇನೆ. ಇ-ಇನ್‌ವಾಯ್ಸ್, ಇ-ವೇ ಬಿಲ್ ದಿನವೂ ಬೇಕಾದ ಅಂಗಡಿಗೆ ಡಾಸ್ ಸಾಫ್ಟ್‌ವೇರ್ ಇಟ್ಟುಕೊಂಡು ಎರಡೆರಡು ಸಲ ಎಂಟ್ರಿ ಮಾಡಿಸುವುದು ಗುಮಾಸ್ತರಿಗೆ ಹಿಂಸೆ. ಆಗ ಹಳೇದನ್ನು ಓದಲು ಮಾತ್ರ ಉಳಿಸಿಕೊಳ್ಳಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಪ್ರತಿ ವರ್ಷದ ಲೆಡ್ಜರ್ ಪಿಡಿಎಫ್ ಮಾಡಿಟ್ಟುಕೊಳ್ಳಿ. ಡಿಬಿಎಫ್ ಫೈಲ್ ಆದರೆ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನೇರವಾಗಿ ತೆರೆಯುತ್ತದೆ. ಆದರೆ ತೆರೆಯುವುದು ಯಾವಾಗಲೂ ಕಾಪಿಯನ್ನು, ಅಸಲನ್ನಲ್ಲ.

ಈ ಬದಲಾವಣೆಗೆ ಮಾರ್ಚ್ ಆರಿಸಿಕೊಳ್ಳಬೇಡಿ, ಅಡಿಕೆ ಸೀಸನ್‌ನ ನಡುವೆಯೂ ಬೇಡ. ವ್ಯಾಪಾರ ಕಡಿಮೆ ಇರುವ ಒಂದು ವಾರ ನೋಡಿ. ಹಳೇ ಸಿಸ್ಟಮನ್ನು ಪಕ್ಕದ ಟೇಬಲ್ ಮೇಲೆ ಓಡುವ ಸ್ಥಿತಿಯಲ್ಲೇ ಇಟ್ಟುಕೊಂಡು, ಹೊಸದರಲ್ಲಿ ಹದಿನೈದು ದಿನ ಬಿಲ್ ಹಾಕಿ. ಮೊದಲ ದಿನವೇ ಹೋದ ವರ್ಷದ ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ ಎರಡರಲ್ಲೂ ತೆಗೆದು ಪೈಸೆಗೆ ಪೈಸೆ ಹೋಲಿಸಿ. ನಾಲ್ಕೈದು ಹಳೇ ಖಾತೆ ತೆರೆದು ನೋಡಿ, ಒಂದು ಬಿಲ್ ಪ್ರಿಂಟ್ ಕೊಡಿ, ತಿಂಗಳ ಮೊದಲ ವಾರದ ಒಂದು ದಿನಾಂಕ ಹಾಕಿ ರಿಪೋರ್ಟ್ ತೆಗೆಯಿರಿ. ಎಲ್ಲ ಕೂಡಿದ ಮೇಲೆ ಹಳೇ ಡಿಸ್ಕ್ ಬಿಚ್ಚಿ, ಅದರ ಮೇಲೆ ಮಾರ್ಕರ್‌ನಿಂದ ದಿನಾಂಕ, ಸಾಫ್ಟ್‌ವೇರ್ ಹೆಸರು, ಡೇಟಾ ಫೋಲ್ಡರ್ ಎಲ್ಲಿದೆ ಅನ್ನುವುದನ್ನು ಬರೆದು ಬೀರುವಿನಲ್ಲಿ ಇಡಿ.